ರೀಲಿನೊಳಗಿನ ಕಾಲ್ತಾಳ

ಮರಳುಗಾಳಿ ನಿಂತ ಆ ಸಂಜೆ ಕೊಲ್ಲಿ ನಾಡಿನ ಸಲ್ವಾ ಬಡಾವಣೆಯ ಬಾನು ಕೇಸರಿ ಕದಡಿದ ಹಾಲಿನಂತಿತ್ತು. ದಿನವಿಡೀ ಅಲೆದಾಡಿದ ಧೂಳು ಖರ್ಜೂರದ ಗರಿಗಳ ಮೇಲೆ, ಕಿಟಕಿಯ ಗಾಜಿನ ಮೇಲೆ, ದೂರದ ಕಡಲಿನ ನಿಶ್ಚಲ ನೀಲಿಯ ಮೇಲೂ ದಣಿದ ಹಕ್ಕಿಯಂತೆ ಇಳಿಯುತ್ತಿತ್ತು... ಸಹೃದಯರೇ, ಮಳೆಗಾಗಿ ಹಂಬಲಿಸುವ ಅಂಥ ನೆಲದಲ್ಲಿ, ಮಳೆಯಲ್ಲೇ ಮೀಯುವ ದ್ವೀಪವೊಂದರ ಸಂಗೀತ ಕೇಳಿಬಂದರೆ ಮನಸ್ಸು ಬೆರಗಾಗದೆ ಇದ್ದೀತೇ!

ಅದು ಐರ್ಲೆಂಡಿನ ಶಿಕ್ಷಕಿ ನೋರಾ ಮೇಡಂ ಅವರ ದಿವಂಗತ ಪತಿಯ ಪಿಟೀಲು. ತಮ್ಮ ಊರಿನವರು ಇಲ್ಲಿ ಕೂಡಿದಾಗಲೆಲ್ಲ ಪತಿ ನುಡಿಸಿದ್ದನ್ನು ಮೇಡಂ ದೊಡ್ಡ ಟೇಪುಸುರುಳಿಗಳಲ್ಲಿ ಹಿಡಿದಿಟ್ಟಿದ್ದರು. ಪರದೇಶಗಳಲ್ಲಿ ನುಡಿಸಿದ ಐರಿಷ್ ಸಂಗೀತವನ್ನು ಐರ್ಲೆಂಡಿನ ರೇಡಿಯೋದವರು ಸಂಗ್ರಹಿಸುತ್ತಿದ್ದಾರೆಂದು ತಿಳಿದು, ಈಗ ಸಿ.ಡಿ. ಮಾಡಿಸಿಕೊಂಡು ಊರಿಗೇ ಮರಳಲು ಹೊರಟಿದ್ದರು.

ಆ ಮನೆಯ ಕೆಲಸ ನೋಡಿಕೊಳ್ಳುತ್ತಿದ್ದ ಕಿನ್ನಿಗೋಳಿಯ ಆಗ್ನೆಸ್‌ಳಿಗೆ ಇಗರ್ಜಿಯ ಪಿಟೀಲಷ್ಟೇ ಗೊತ್ತು. ಒಂದೇ ಉಸಿರಿನಲ್ಲಿ ನಗುತ್ತ ಅಳುವ ಈ ತಂತಿಗಳ ಮರ್ಮವೇನೆಂದು ಅವಳಿಗೆ ತೀರದ ಕುತೂಹಲ.

"ಇಂಥ ಕುಣಿತದ ಧಾಟಿಗೆ ರೀಲ್ ಎನ್ನುತ್ತಾರೆ," ಎಂದಿದ್ದರು ಮೇಡಂ.

ಆಗ್ನೆಸ್ ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಅದೇ ನಗರದ ಖೈತಾನಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿಯಿಟ್ಟ ರೋಕ್‌ನ ಮುಂದೆ ಸುರುಳಿಗಳನ್ನಿಳಿಸಿ ಹೇಳಿದ್ದಳು:

"ತಕೋ, ಪೆಟ್ಟಿಗೆ ತುಂಬ ರೀಲು. ನೀನೂ ಇಷ್ಟು ಬಿಟ್ಟಿರ್ಲಿಕ್ಕಿಲ್ಲ. ಸಿ.ಡಿ. ಆದ ಮೇಲೆ ಬಿಸಾಡ್ಬೇಕಂತೆ, ಲಗೇಜು ಭಾರ ಆಗ್ತದೆ."

"ನಾನು ಯಾರ ಟೇಪನ್ನೂ ಬಿಸಾಡುವುದಿಲ್ಲ."

"ಶುರುವಾಯ್ತು ನಿನ್ನ ರೀಲು."

ನಿನ್ನನ್ನೇ ಮದುವೆಯಾಗುತ್ತೇನೆಂದು ಅವನು ಹೇಳಿದ್ದನ್ನೂ ಅವಳು ಆ ರೀಲುಗಳ ಸಾಲಿಗೇ ಸೇರಿಸಿಬಿಟ್ಟಿದ್ದಳು...

ಈಗ ಸಿ.ಡಿ. ಕೇಳುತ್ತ ಕುಳಿತ ಮೇಡಂ ಮುಖದ ಬೆಳಕು ಮೆಲ್ಲನೆ ಆರಿತು.

"ಆಗ್ನೆಸ್, ಇವರ ಕಾಲು ಎಲ್ಲಿ?"

ನುಡಿಸುವಾಗ ಪತಿ ನೆಲಕ್ಕೆ ಕಾಲು ಬಡಿಯುತ್ತಿದ್ದರಂತೆ. ಪಿಟೀಲೇನೋ ಸ್ಫಟಿಕದಂತೆ ಶುಭ್ರವಾಗಿತ್ತು. ಮನುಷ್ಯ ಮಾತ್ರ ಅದರಲ್ಲಿರಲಿಲ್ಲ. ವಿಮಾನವೋ, ಮರುದಿನ ಸಂಜೆಗೆ!

ಆಗ್ನೆಸ್ ಟ್ಯಾಕ್ಸಿ ಹಿಡಿದು ಖೈತಾನಿಗೆ ಓಡಿದಳು.

"ಡಬ್ ಡಬ್ ಕೇಳ್ತಾ ಇತ್ತು, ಮೆಷಿನ್‌ದು ದೋಷ ಅಂತ ಕಂಪ್ಯೂಟರಲ್ಲಿ ತೆಗ್ದೆ," ಎಂದ ರೋಕ್.

"ಅದು ಅವರ ಗಂಡನ ಕಾಲು, ಮಾರಾಯ. ಆ ಸುರುಳಿ ಎಲ್ಲಿ? ಬಿಸಾಡಿ ಆಯ್ತಾ?"

ರೋಕ್ ಕಪಾಟು ತೆರೆದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಸುರುಳಿಗಳು ಎಳೆಗೂಸುಗಳಂತೆ ಮಲಗಿದ್ದವು. ಪಕ್ಕದಲ್ಲೊಂದು ಕ್ಯಾಸೆಟ್ಟು. ಅವಳು ಕ್ರಿಸ್ಮಸ್ಸಿಗೆ ಹಾಡಿದ್ದು. ಟೇಪ್‌ರೆಕಾರ್ಡರ್ ಅಗಿದುಹಾಕಿತೆಂದು ಅವಳೇ ಎಸೆಯಹೇಳಿ ಮರೆತದ್ದು.

"ಅಂಟಿಸಿ ಸರಿಮಾಡಿದ್ದೇನೆ. ನಡುವೆ ನೀನು ಕೆಮ್ಮಿದ್ದುಂಟು. ಅದನ್ನು ತೆಗೀಲಿಲ್ಲ."

"ಕಾಲನ್ನು ಮಾತ್ರ ತೆಗ್ದೆಯಲ್ಲ?"

"ಆ ಮನುಷ್ಯನ ಪರಿಚಯ ನಂಗಿರ್ಲಿಲ್ಲ."

ಆಗ್ನೆಸ್ ಆ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು:

"ನೀನು ಬಿಟ್ಟ ರೀಲುಗಳಲ್ಲಿ ಇನ್ನು ಯಾವ್ದೆಲ್ಲ ನಿಜ?"

"ಮದುವೆದು."

"ಮೊದ್ಲು ಮೇಡಂದು ಮುಗ್ಸು. ಆಮೇಲೆ ಇಗರ್ಜಿಯಲ್ಲಿ ಪಾದ್ರಿಯವರ ಹತ್ರ ಮಾತಾಡುವ."

ಮರುದಿನ ಬೆಳಗಿನ ಎಳೆಬಿಸಿಲಿನಲ್ಲಿ ಹೊಸ ಸಿ.ಡಿ. ತಿರುಗಿತು. ಪಿಟೀಲಿನ ಕೆಳಗೆ ಒಂದು ಹಳೆಯ ಬೂಟು ಡಬ್ ಡಬ್ ಎಂದು ನಡೆದುಬಂದಿತು. ಕಣ್ಣು ಮುಚ್ಚಿದ್ದ ಮೇಡಂ ಅವರ ಕಾಲು ತಾನಾಗಿ ಅದರ ಜೊತೆ ಹೆಜ್ಜೆ ಸೇರಿಸಿತು. ಬಾಗಿಲಲ್ಲಿ ನಿಂತ ಆಗ್ನೆಸ್‌ಳದೂ...

ಪರಿಚಯವಿಲ್ಲದ ಕಿವಿಗೆ ಬರಿಯ ಸದ್ದಾದದ್ದು, ಒಲಿದ ಕಿವಿಗೆ ಒಬ್ಬ ಮನುಷ್ಯನೇ ಆಗಿಬಿಡುತ್ತದೆ. ನಾವು ಒಲಿದವರ ಕೆಮ್ಮು, ಕಾಲ್ಸಪ್ಪಳಗಳನ್ನು ಕಾಲವೆಂಬ ಗಾಳಿ ಒರೆಸುತ್ತಲೇ ಇರುತ್ತದೆ. ಅವನ್ನು ಬಟ್ಟೆಯಲ್ಲಿ ಸುತ್ತಿಟ್ಟು ಕಾಯುವ ಹೃದಯವೊಂದು ಎಲ್ಲೋ ಇದ್ದರೆ, ಸಹೃದಯರೇ, ಮರುಭೂಮಿಯಲ್ಲೂ ಮಳೆಯ ಸದ್ದು ಕೇಳಿಸುತ್ತದೆ.