‘ಹಳೇ ಪ್ರಿಂಟರ್’ ಎಂಬ ಫೋಲ್ಡರು

1
ಎಲ್ಲಿಂದ ಶುರು ಮಾಡಲಿ? ‘ಒಂದಾನೊಂದು ಕಾಲದಲ್ಲಿ ಒಂದು ಕಂಪ್ಯೂಟರ್ ಇತ್ತು’ ಎಂದರೆ ನೀವು ನಗುತ್ತೀರಿ. ಇತ್ತು ನಿಜ, ನಡುಮನೆಯಲ್ಲಿ, ಎಲ್ಲರ ಕಣ್ಣೆದುರಿಗೆ. ಗಂಡ ಅದರಲ್ಲಿ ಪಂದ್ಯ ನೋಡುತ್ತಿದ್ದ, ಅತ್ತೆ ಇಸ್ಪೀಟು ಆಡುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಸೊಸೆ, ಮನೆ ಖಾಲಿ ಇದ್ದಾಗ, ಕೋಟಿನ ಡಿಸೈನ್ ಬಿಡಿಸುತ್ತಿದ್ದಳು.

“ಮೊದಲ ಪ್ಯಾರಾದಲ್ಲೇ ನನ್ನ ಗುಟ್ಟು ಬಿಟ್ಟುಕೊಟ್ರಾ? ನಿಮ್ಮ ಬಾಯಲ್ಲಿ ಎಳ್ಳು ನೆನೆಯೋದೇ ಇಲ್ವಲ್ಲ!” ಎಂದಳು ಸೊಸೆ.

(ಕಥೆಗಾರನ ಹೊಟ್ಟೆಪಾಡೇ ಅದು, ತಾಯಿ.)

2
ಕಾರ್ಖಾನೆಯವರು ಕೆಲಸಗಾರರಿಂದಲೇ ಹೊಸ ಕೋಟಿನ ಡಿಸೈನ್ ಕೇಳಿದ್ದರು. ಆಯ್ಕೆಯಾದವರಿಗೆ ಡಿಸೈನ್ ವಿಭಾಗದಲ್ಲಿ ಕುರ್ಚಿ. ಕಳಿಸಲು ಇವತ್ತು ಸಂಜೆಯೇ ಕೊನೆ.

ಸೊಸೆ ತನ್ನ ಡಿಸೈನಿನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರೆ ‘ಏನದು ಗುಟ್ಟು?’ ಎಂದು ಮನೆಯವರೆಲ್ಲ ಬೆನ್ನು ಹತ್ತುತ್ತಾರೆ. ಒಮ್ಮೆ ಫೋಲ್ಡರನ್ನು ಮರೆಮಾಡಿ, ಅದು ತನಗೇ ಸಿಗದೆ ಒದ್ದಾಡಿದ್ದೂ ಆಗಿತ್ತು. ಕೊನೆಗೆ ಅದನ್ನು ಎಲ್ಲರೆದುರಿಗೇ ಇಟ್ಟು ‘ಹಳೇ ಪ್ರಿಂಟರ್’ ಎಂದು ಹೆಸರಿಟ್ಟಳು. ಯಾರು ತೆರೆದು ನೋಡುತ್ತಾರೆ? ಯಾರೂ ನೋಡಲಿಲ್ಲ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು.

2 (ಮತ್ತೊಮ್ಮೆ, ಇಲ್ಲೇ ಕಥೆ ಕೈಕೊಟ್ಟಿತು)
ಮಧ್ಯಾಹ್ನ ಬಂದು ನೋಡಿದರೆ ಫೋಲ್ಡರ್ ಇಲ್ಲ.

“ಆ ಪ್ರಿಂಟರ್ ಮಾರಿ ಯಾವ ಕಾಲ ಆಯ್ತು! ಅದರ ಸಾಮಾನು ಯಾಕೆ ಅಂತ ತೆಗೆದು ಹಾಕ್ದೆ,” ಎಂದರು ಅತ್ತೆ, ಇಸ್ಪೀಟಿನಿಂದ ಕಣ್ಣೆತ್ತದೆ. “ಕಸದ ಬುಟ್ಟೀನೂ ಖಾಲಿ ಮಾಡಿದೀನಿ. ಮನೇಲಿ ಕಸ ಇಟ್ಕೋಬಾರ್ದು.”

ಸೊಸೆ ಗಡಿಯಾರ ನೋಡಿದಳು.

3
ಮುಕ್ತಾಯ ಒಂದು: ಕಂಪ್ಯೂಟರ್ ರಿಪೇರಿಯವನು ಬಂದು ಎಲ್ಲವನ್ನೂ ಮರಳಿ ತೆಗೆದುಕೊಡುತ್ತಾನೆ.

“ಬೇಡ. ನಾನು ಬಿಡಿಸಿದ್ದನ್ನ ಅವನ್ಯಾಕೆ ಹುಡುಕಿಕೊಡ್ಬೇಕು?”

ಮುಕ್ತಾಯ ಎರಡು: ಸೊಸೆ ಗಳಗಳನೆ ಅಳುತ್ತಾಳೆ, ಅತ್ತೆ ಅಪ್ಪಿಕೊಳ್ಳುತ್ತಾರೆ.

“ಥೂ, ಹೋಗ್ರೀ! ನಿಮಗೆ ಬೇರೆ ಏನೂ ಹೊಳೆಯಲ್ವಾ?”

(ಹೊಳೆಯಲಿಲ್ಲ. ಪೆನ್ನು ಕೆಳಗಿಟ್ಟೆ.)

ಅವಳೇ ಎದ್ದಳು. “ಅತ್ತೆ, ಸ್ವಲ್ಪ ಏಳಿ. ನನಗೆ ಕೆಲಸ ಇದೆ.” ಆ ಮನೆಯಲ್ಲಿ ಅಂಥ ಮಾತು ಅದೇ ಮೊದಲು. ಅತ್ತೆ ಗೆಲ್ಲುವ ಆಟ ಬಿಟ್ಟು ಎದ್ದರು. ಗಂಡ ಬಾಗಿಲಲ್ಲಿ ನಿಂತು ನೋಡಿದ. ಎಲ್ಲರ ಕಣ್ಣೆದುರಿಗೇ, ಒಂದು ಗೆರೆಯನ್ನೂ ಮರೆಯದೆ, ಅವಳು ಕೋಟನ್ನು ಮತ್ತೆ ಬಿಡಿಸತೊಡಗಿದಳು. ಕಾಲರ್ ಮೊದಲಿಗಿಂತ ಚೆನ್ನಾಗಿ ಬಂತು. ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು, ಅದರಲ್ಲಿ ನನ್ನ ಕೈವಾಡ ಏನೂ ಇಲ್ಲದಿದ್ದರೂ.

“ಇದೆಲ್ಲ ನೀನೇ ಮಾಡಿದ್ದಾ?” ಎಂದರು ಅತ್ತೆ.

“ಮತ್ತೆ? ನಾನೇ.”

ಸಂಜೆಯೊಳಗೆ ಡಿಸೈನ್ ಕಳಿಸಿ, ಹೊಸ ಫೋಲ್ಡರಿಗೆ ‘ನನ್ನದು’ ಎಂದು ಹೆಸರಿಟ್ಟಳು.

“ಇದನ್ನ ಅಳಿಸ್ಬಹುದಾ?”

“ಮುಟ್ಟಿ ನೋಡಿ!”

ಅತ್ತೆ ನಕ್ಕುಬಿಟ್ಟರು.

5
(ನಾಲ್ಕನೆಯದನ್ನು ಅವಳು ಅಳಿಸಿಹಾಕಿದಳು. ಅದರಲ್ಲಿ ಫಲಿತಾಂಶ ಇತ್ತು.)

“ಓದುಗರು ಕೇಳ್ತಾರಮ್ಮ, ಆ ಕುರ್ಚಿ ನಿನಗೆ ಸಿಕ್ತಾ?”

“ಅದಕ್ಕೂ ಒಂದು ಫೋಲ್ಡರ್ ಇದೆ,” ಎಂದು ಅವಳು ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಂಡಳು. “ಹೆಸರು ಮಾತ್ರ ನಿಮಗೆ ಹೇಳಲ್ಲ.”