ಕಂಪ್ಯೂಟರಿನಲ್ಲಿ ಕಂಡ ದೊಡ್ಡಕ್ಕ

"ಸ್ವಲ್ಪ ಕಾಲೆತ್ತಿ ಸಾರ್."

ದೊಡ್ಡಕ್ಕ ಮೇಜಿನಡಿ ನೆಲ ಒರೆಸುತ್ತಿದ್ದಳು. ಸಾಹೇಬ ಕಾಲೆತ್ತಿಕೊಂಡೇ ಅವಳ ಇಂಟರ್‌ವ್ಯೂ ಮಾಡುತ್ತಿದ್ದ. ಅವಳ ಮಗಳು ಮೊಲೆ ಕುಡಿಯುತ್ತಿದ್ದಾಗಿನಿಂದ ಅವಳು ಈ ಆಫೀಸು ಗುಡಿಸುತ್ತಿದ್ದಾಳೆ. ಆ ಮಗಳ ಮದುವೆಯೂ ಆಯಿತು. ಈಗ ಕಂಪನಿಗೆ ಗುಡಿಸಿ ಒರೆಸುವ ನಮ್ಮ ಮೇಲೆ ಪ್ರೀತಿ ಉಕ್ಕಿ, ಖಾಯಂ ಮಾಡುತ್ತೇವೆ, ಹೊಸದಾಗಿ ಅರ್ಜಿ ಹಾಕಿ ಎಂದಿತ್ತು. ಆಯ್ಕೆಯಾಗದವರು ನಾಳೆಯಿಂದ ಮನೆಗೆ.

"ಹೊಲಿಗೆ ಮೆಷಿನ್ ಸಾಲ. ಮೂರು ತಿಂಗಳು ಕಂತು ಕಟ್ಟಿಲ್ಲ ನೀನು. ಈ ಕಂಪ್ಯೂಟರಿನಲ್ಲಿ ನಿನ್ನ ಸಾಲದ ಲೆಕ್ಕ ಎಲ್ಲಾ ಕಾಣುತ್ತೆ."

"ಆಮೇಲೆ ಬಡ್ಡಿ ಸಮೇತ ಕಟ್ಟಿದೀನಲ್ಲ ಸಾರ್. ಆ ಮೂರು ತಿಂಗಳು ನೀವೇ ನಮಗೆ ಸಂಬಳ ಕೊಡ್ಲಿಲ್ಲ. ಅದು ಕಾಣುತ್ತಾ?"

"ಅದು ಇದರಲ್ಲಿ ಬರಲ್ಲ."

"ನನ್ನ ಗಂಡನ್ನ ಮಣ್ಣು ಮಾಡಿದ ಮಾರನೇ ದಿನವೇ ಬಂದು ನಿಮ್ಮ ಕಕ್ಕಸು ತೊಳೆದೆ. ಅದು?"

"ಸಾಲ, ಕಂತು, ವಿಳಾಸ. ಅಷ್ಟೇ ಬರೋದು. ನನ್ನ ಸಾಲದ ಲೆಕ್ಕ ನೋಡಿ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟೋಳು ನೀನೇ ತಾನೆ?"

"ಹಾಕದಿದ್ರೆ ಅರ್ಜಿ ಮುಟ್ಟಲ್ಲ ಅಂದ್ರಲ್ಲ."

"ನೋಡಮ್ಮ, ಸಾಲಗಾರರನ್ನ ಒಳಗೆ ಬಿಟ್ಕೊಂಡ್ರೆ ನಾಳೆ ಡ್ರಾಯರಿಗೆ ಕೈ ಹಾಕ್ತಾರೆ. ನಡಿ, ಮುಂದಿನವಳನ್ನ ಕಳಿಸು. ಹೋಗೋಕ್ಮುಂಚೆ ಆ ಮೂಲೆ ಒರೆಸಿಬಿಡು."

ದೊಡ್ಡಕ್ಕ ಆ ಮೂಲೆಯನ್ನೂ ಒರೆಸಿಯೇ ಬಂದಳು, ಹಾಳು ಅಭ್ಯಾಸ. ಹೊರಗೆ ನಾವು ನಾಲ್ವರು ಸಹಿ ಹಾಕಿದ ಒಪ್ಪಿಗೆ ಪತ್ರ ಹಿಡಿದು ಗೋಡೆಗೊರಗಿ ನಿಂತಿದ್ದೆವು. ಮುಂದಿನವಳು ನಾನು. ಸಂಬಳವಿಲ್ಲದ ಆ ಮೂರು ತಿಂಗಳು ನನ್ನ ಕಂತೂ ತಪ್ಪಿತ್ತು, ಎಲ್ಲರದ್ದೂ ತಪ್ಪಿತ್ತು.

"ಏನಂದ ಆ ಬೋಳಿಮಗ?" ನನ್ನ ಪಕ್ಕ ನಿಂತಿದ್ದ ಕುಳ್ಳಿ ಕೇಳಿದಳು.

"ಎಲ್ಲಾ ಕಾಣುತ್ತಂತೆ ಕಣ್ರೇ. ನಾನೊಬ್ಬಳು ಕಾಣಲ್ಲ." ಬಕೆಟ್ಟು ಕೆಳಗಿಟ್ಟು ದೊಡ್ಡಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಗಂಡ ಸತ್ತಾಗಲೂ ನಮ್ಮೆದುರು ಅತ್ತವಳಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಕೈಲಿದ್ದ ಪತ್ರವನ್ನು ಅವಳ ಬಕೆಟ್ಟಿನ ಕೊಳೆ ನೀರಿಗೆ ಅದ್ದಿ ಸಾಹೇಬನ ಕೋಣೆಯ ಗಾಜಿಗೆ ಬಡಿದೆ. ಚೆನ್ನಾಗಿ ಅಂಟಿಕೊಂಡಿತು. ಕುಳ್ಳಿ ತನ್ನದನ್ನು ಅದರ ಪಕ್ಕಕ್ಕೆ ಬಡಿದಳು. ಉಳಿದಿಬ್ಬರು ಒಮ್ಮೆ ಮುಖ ಮುಖ ನೋಡಿಕೊಂಡರು, ಆಮೇಲೆ ಅವರೂ ಬಡಿದರು. ಮಿಕ್ಕ ಜಾಗಕ್ಕೆ ದೊಡ್ಡಕ್ಕ ನೆಲ ಒರೆಸುವ ಬಟ್ಟೆಯನ್ನು ಹಿಂಡದೆಯೇ ಎಳೆದಳು. ಗಾಜಿನ ತುಂಬ ಕಂದು ನೀರು ಇಳಿಯಿತು.

"ಏಯ್! ಏನ್ರೇ ಅದು? ಹೊರಗೆ ಏನೂ ಕಾಣ್ತಿಲ್ಲ!" ಒಳಗಿನಿಂದ ಸಾಹೇಬ ಕಿರುಚಿದ. "ಯಾರಿದೀರಿ ಅಲ್ಲಿ? ಬಂದು ಈ ಗಾಜು ಒರೆಸಿ!"

ಒರೆಸುವವರೆಲ್ಲ ಅಲ್ಲೇ ಬಾಗಿಲ ಮುಂದೆ ಸಾಲಾಗಿ ಕೂತಿದ್ದೆವು. ಯಾರೂ ಏಳಲಿಲ್ಲ.