ನಲವತ್ತು ನಿಮಿಷಕ್ಕೆ ಒಂದೇ ಪೆಟ್ಟು

ನಮ್ಮ ಅಪ್ಪನ ಕೈ ಸುಮ್ಮನಿದ್ದದ್ದನ್ನು ನಾನು ಕಂಡವಳಲ್ಲ. ಉಡುಪಿ ಕಡೆ ಮೃದಂಗದ ನರಹರಿಯೆಂದರೆ ಹಾಡುವವರೆಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಕೂತರೆ ಎದುರು ಸೀಟಿನ ಕಂಬಿಯ ಮೇಲೆ ತಾಳ, ಊಟಕ್ಕೆ ಕೂತರೆ ಎಡಗೈಯಿಂದ ತೊಡೆಯ ಮೇಲೆ ತಾಳ. ಹರ್ನಿಯಾ ಆಪರೇಷನ್ ಆದ ದಿನ ಪೂರ್ತಿ ಎಚ್ಚರವಾಗುವ ಮೊದಲೇ ಬೆರಳು ಎಣಿಸುತ್ತಿತ್ತು ಎಂದು ಅಮ್ಮ ಈಗಲೂ ಹೇಳಿ ನಗುತ್ತಾಳೆ.

ನನಗೆ ಆ ಕೈ ಎಂದರೆ ಹೆದರಿಕೆ. ಏಳನೇ ವಯಸ್ಸಿನಿಂದ ಅವರ ಬಳಿಯೇ ಮೃದಂಗ ಕಲಿತೆ. ಹದಿನಾರರಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಸಂಭ್ರಮಕ್ಕೋ ಭಯಕ್ಕೋ ನನ್ನ ಲಯ ಓಡಿತು. ಹಾಡುವವರು ತಿರುಗಿ ನೋಡಿದರು. ಪಕ್ಕದಲ್ಲಿದ್ದ ಅಪ್ಪ ನನ್ನ ಮೃದಂಗದ ಮೇಲೆ ಅಂಗೈ ಇಟ್ಟು ನಾದವನ್ನೇ ನಿಲ್ಲಿಸಿಬಿಟ್ಟರು. ಉಳಿದ ಕಛೇರಿಯನ್ನು ಅವರೇ ನುಡಿಸಿ ಮುಗಿಸಿದರು. ಮನೆಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ನೀನು ಓಡ್ತಿ." ಆಮೇಲೆ ಹನ್ನೊಂದು ವರ್ಷ ನಾನು ಮೃದಂಗ ಮುಟ್ಟಲಿಲ್ಲ.

ಹಾಗಿದ್ದವಳು ಡೆಲ್ಫ್ಟ್‌ಗೆ ಪಿಎಚ್‌ಡಿಗೆಂದು ಬಂದು, ಇಲ್ಲಿನ ಒಂದು ಹವ್ಯಾಸಿ ಆರ್ಕೆಸ್ಟ್ರಾ ಸೇರಿಕೊಂಡೆ. ತಾಳವಾದ್ಯಕ್ಕೆ ಜನ ಕಡಿಮೆ ಇದ್ದರು, ನನ್ನ ಕೈಗೆ ಸಿಂಬಲ್ ಕೊಟ್ಟರು, ಎರಡು ಕೈಗೆ ಎರಡು ದೊಡ್ಡ ಹಿತ್ತಾಳೆ ತಟ್ಟೆ. ೨೦೧೩ರ ಮೇ ತಿಂಗಳ ಕಛೇರಿಗೆ ಡ್ವೊರ್ಝಾಕ್‌ರ ಒಂಬತ್ತನೇ ಸಿಂಫನಿ ಎಂದು ಗೊತ್ತಾಯಿತು. ಅದರಲ್ಲಿ ಸಿಂಬಲ್‌ಗೆ ಇರುವುದು ಒಂದೇ ಪೆಟ್ಟು. ಮೂರು ಭಾಗ ಮುಗಿಯುವವರೆಗೆ ಅರ್ಧ ಗಂಟೆ ಗೊಂಬೆಯ ಹಾಗೆ ಕೂರಬೇಕು. ನಾಲ್ಕನೆಯದು ಶುರುವಾದ ಒಂದೆರಡು ನಿಮಿಷದ ಮೇಲೆ ಒಂದೇ ಒಂದು ಸಲ ಬಾರಿಸಬೇಕು, ಅದೂ ಮೆಲ್ಲಗೆ. ಮತ್ತೆ ಕೊನೆಯವರೆಗೂ ಗೊಂಬೆ.

ಅದೇ ತಿಂಗಳು ಅಪ್ಪ ಬಂದರು. ಅಕ್ಕನ ಬಾಣಂತನ ಇದ್ದದ್ದರಿಂದ ಅಮ್ಮ ಬರಲಿಲ್ಲ. ಮೂರು ವಾರ, ಒಂದೇ ಕೋಣೆ, ಅಪ್ಪ ಮತ್ತು ನಾನು.

"ಎಂತ? ನಲವತ್ತು ನಿಮಿಷಕ್ಕೆ ಒಂದೇ ಪೆಟ್ಟಾ?" ಎಂದರು. "ದೇವಸ್ಥಾನದ ಗಂಟೆ ಹೊಡೆಯುವವನಿಗೆ ಇದಕ್ಕಿಂತ ಹೆಚ್ಚು ಕೆಲಸ ಉಂಟು ಮಾರಾಯ್ತಿ."

"ಬರೆದದ್ದೇ ಒಂದು ಅಪ್ಪ."

"ಬರೆದವ ಯಾರು? ಅವನ ಮನೆಯವರು ಎಂತ ಮಾಡ್ತಿದ್ದರು?"

"ಅವರಪ್ಪನದ್ದು ಕಸಾಯಿ ಅಂಗಡಿ. ಒಂದು ಹೋಟೆಲೂ ಇತ್ತು."

"ಹೋಟೆಲಾ! ಹಾಗಾದ್ರೆ ನಮ್ಮೂರಿನವನೇ," ಎಂದು ನಕ್ಕರು. ಡ್ವೊರ್ಝಾಕ್ ಸಂಗೀತ ಬರೆದು ಹೆಸರಾಗುವ ಮೊದಲು ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ಕೂತು ಪಿಟೀಲಿನಂಥ ವಯೋಲಾ ನುಡಿಸಿದವರು, ಈ ಸಿಂಫನಿಯನ್ನು ಊರು ಬಿಟ್ಟು ಅಮೆರಿಕದಲ್ಲಿದ್ದಾಗ ಬರೆದರು ಎಂದೆ. ಅಪ್ಪ ನಗು ನಿಲ್ಲಿಸಿದರು. "ಸಾಲಲ್ಲಿ ಕೂತು ನುಡಿಸಿದವನು ಒಂದೇ ಪೆಟ್ಟು ಬರೆದಿದ್ದಾನೆ ಅಂದ್ರೆ ಅದು ಅವನಿಗೆ ಬೇಕೇ ಬೇಕಿತ್ತು. ನೋಡಿಕೋ, ಓಡಬೇಡ."

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಲ್ಯಾಬಿನಲ್ಲಿ ಕೂತರೂ ಬಾರ್ ಎಣಿಕೆ, ಅಂದರೆ ಇಲ್ಲಿನವರ ಆವರ್ತನದ ಲೆಕ್ಕ, ಸೈಕಲ್ ತುಳಿದರೂ ಬಾರ್ ಎಣಿಕೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಪೆಟ್ಟು ಬೇಕಾಗಿದ್ದದ್ದು ಡ್ವೊರ್ಝಾಕ್‌ಗಾಗಿ ಅಲ್ಲ. ಅಪ್ಪನ ಬಾಯಿಂದ "ಓಡಲಿಲ್ಲ" ಎಂಬ ಒಂದು ಮಾತು ಕೇಳಬೇಕಿತ್ತು. ಇಪ್ಪತ್ತೇಳು ವಯಸ್ಸಾದ ಮೇಲೂ ಇಂಥ ಆಸೆ ಇಟ್ಟುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಶನಿವಾರ ಹಳೆಯ ಇಗರ್ಜಿಯೊಂದರಲ್ಲಿ ಕೊನೆಯ ರಿಹರ್ಸಲ್. ಅಪ್ಪ ನನ್ನ ಜೊತೆ ಬಂದು ಎದುರಿನ ಸಾಲಿನಲ್ಲೇ ಕೂತರು. ಸಂಗೀತ ಶುರುವಾದದ್ದೇ ತಡ, ಬಲಗೈ ತೊಡೆಯ ಮೇಲೆ ಬಿತ್ತು. ಟಪ್, ಕಿರುಬೆರಳು, ಉಂಗುರಬೆರಳು, ನಡುಬೆರಳು, ಅದೇ ತಾಳದ ಎಣಿಕೆ. ಖಾಲಿ ಇಗರ್ಜಿಯಲ್ಲಿ ಆ ಟಪ್ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಪಕ್ಕದಲ್ಲಿ ಟ್ರಯಾಂಗಲ್ ಎಂಬ ತ್ರಿಕೋನದ ಉಕ್ಕಿನ ವಾದ್ಯ ಹಿಡಿದಿದ್ದ ಯೋಸ್ಟ್ ನನ್ನ ಕಡೆ ಬಗ್ಗಿ, "ನಿಮ್ಮಪ್ಪನಾ?" ಎಂದು ಪಿಸುಗುಟ್ಟಿದ. ನಾಚಿಕೆಯಿಂದ ತಲೆಯಾಡಿಸಿದೆ.

ನಾಲ್ಕನೆಯ ಭಾಗ ಬಂತು. ಎದ್ದು ನಿಂತು ತಟ್ಟೆ ಎತ್ತಿದೆ. ಅಲ್ಲಿ, ಎದುರು ನಿಂತು ಕೋಲಾಡಿಸಿ ಆರ್ಕೆಸ್ಟ್ರಾ ನಡೆಸುವ ನಮ್ಮ ಕಂಡಕ್ಟರ್ ಮಾರ್ಲೂಸ್ ಒಂದು ಪದ್ಧತಿ ಮಾಡಿಕೊಂಡಿದ್ದರು. ನನ್ನ ಪೆಟ್ಟು ಬೀಳುವ ಮೊದಲು ಇಡೀ ಆರ್ಕೆಸ್ಟ್ರಾವನ್ನು ಒಂದಿಷ್ಟು ಹಿಂದಕ್ಕೆ ಎಳೆದು ನಿಧಾನ ಮಾಡುತ್ತಿದ್ದರು. ತಿಂಗಳಿಂದ ನನಗೆ ಗೊತ್ತಿದ್ದ ಜಾಗ. ಆದರೆ ಅವತ್ತು ಕಣ್ಣು ಮಾರ್ಲೂಸ್ ಕಡೆ ಇರಲೇ ಇಲ್ಲ. ಎಲ್ಲರೂ ನಿಧಾನವಾದರು, ಅಪ್ಪನ ಕೈ ಆಗಲಿಲ್ಲ. ಅವರ ಅಂಗೈ ತೊಡೆಗೆ ಬಿದ್ದ ಕ್ಷಣಕ್ಕೆ ಸರಿಯಾಗಿ ನಾನು ಬಾರಿಸಿದೆ.

ತಾಳಕ್ಕೆ ಸರಿಯಾಗಿತ್ತು, ಸಿಂಫನಿಗೆ ಇಡೀ ಒಂದು ಎಣಿಕೆ ಮೊದಲು. ಮಾರ್ಲೂಸ್ ಕೋಲು ಕೆಳಗಿಟ್ಟರು. "ನಿನಗೆ ಧೈರ್ಯ ಇಲ್ಲದಿದ್ದರೆ ಈಗಲೇ ಹೇಳು ನವ್ಯಾ, ನಾಳೆ ಅದನ್ನೂ ಯೋಸ್ಟ್‌ಗೆ ಕೊಡೋಣ." ಮಾಡುತ್ತೇನೆ ಎಂದೆ.

ಕಾಲುವೆಯ ಪಕ್ಕ ಸೈಕಲ್ ತಳ್ಳಿಕೊಂಡು ಮನೆಗೆ ನಡೆಯುವಾಗ ಅಪ್ಪ ಹೇಳಿದರು. "ಓಡಿದಿ."

"ಓಡಲಿಲ್ಲ! ನಿಮ್ಮ ಕೈ ನೋಡಿ ಹೊಡೆದೆ."

"ಕುಣಿಯಲಾರದವಳಿಗೆ ನೆಲ ಡೊಂಕಂತೆ."

"ಅವರು ಅಲ್ಲಿ ನಿಧಾನ ಮಾಡ್ತಾರೆ ಅಪ್ಪ. ನೀವು ಮಾಡ್ಲಿಲ್ಲ."

"ತಾಳ ಯಾರಿಗೋ ಬೇಕು ಹೇಳಿ ನಿಲ್ಲುದುಂಟಾ?"

"ಇಲ್ಲಿ ಉಂಟು!" ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಕೂಗಿದೆ. "ಅವತ್ತು ಕೈ ಇಟ್ಟು ನಿಲ್ಲಿಸಿದ್ರಿ. ಇವತ್ತು ಕೈ ಆಡಿಸಿ ಕೆಡಿಸಿದ್ರಿ. ನಾಳೆ ನೀವು ಬರಬೇಡಿ."

ಅಪ್ಪ ಮುಂದೆ ನಡೆದರು. ಮನೆಗೆ ಬಂದು ನಾನು ಮಾಡಿದ ಅನ್ನ ಸಾರು ಉಂಡು ಮಲಗಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ, "ನನಗೊಂದು ಮೂಲೆ ಸಾಕು," ಎಂದರು. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಇಗರ್ಜಿ ತುಂಬಿತ್ತು. ಅಪ್ಪ ಐದನೇ ಸಾಲಿನ ತುದಿಯಲ್ಲಿ ಕೂತಿದ್ದರು. ಮೂರು ಭಾಗ ಮುಗಿಯುವಷ್ಟರಲ್ಲಿ ನಾನು ನೂರು ಸಲ ಆ ಕಡೆ ನೋಡಿದ್ದೆ. ಮುಳ್ಳಿನ ಮೇಲೆ ಕೂತ ಹಾಗಿತ್ತು. ಕೈ ಮಾತ್ರ ಕಾಣಲಿಲ್ಲ, ಎದುರು ಕೂತವರ ಬೆನ್ನು ಅಡ್ಡ. ಕಾಣುತ್ತಿದ್ದದ್ದು ಅವರ ಮುಖ, ಸೆಟೆದ ಭುಜ, ಹಲ್ಲು ಕಚ್ಚಿ ಹಿಡಿದ ದವಡೆ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ.

ನಾಲ್ಕನೆಯದು ಶುರುವಾಯಿತು. ಷೂ ಒಳಗೆ ಕಾಲ್ಬೆರಳಿನಲ್ಲಿ ಬಾರ್ ಎಣಿಸಿದೆ. ಎದ್ದು ನಿಂತೆ. ಮಾರ್ಲೂಸ್ ಎಳೆಯತೊಡಗಿದರು. ಈ ಸಲ ಹಿಡಿದುಕೊಳ್ಳಲು ಯಾರ ಕೈಯೂ ಇರಲಿಲ್ಲ. ಈಗ ಹೊಡಿ, ಈಗ ಹೊಡಿ ಎಂದು ಮೈಯೆಲ್ಲ ಕೂಗುತ್ತಿತ್ತು. ನಿಂತೆ. ಇನ್ನೂ ನಿಂತೆ. ಮಾರ್ಲೂಸ್ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ಕೋಲು ಇಳಿಯಿತು, ಎರಡು ತಟ್ಟೆ ಒಂದನ್ನೊಂದು ಸವರಿಕೊಂಡವು. ಆ ನಾದ ಮುಗಿಯುವ ಮೊದಲೇ ಕ್ಲಾರಿನೆಟ್ ಹಾಡತೊಡಗಿತು. ಯೋಸ್ಟ್ ಹೆಬ್ಬೆರಳು ಎತ್ತಿದ.

ಸಿಂಫನಿ ಮುಗಿದಾಗ ಇಗರ್ಜಿಯ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅಪ್ಪನೂ ಎದ್ದರು. ಚಪ್ಪಾಳೆ ತಟ್ಟಲಿಲ್ಲ. ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ಹದಿನಾರರ ಆ ದಿನದ ಸಿಟ್ಟು ಮರಳಿ ಬಂತು. ಹೆತ್ತ ಮಗಳಿಗೆ ಒಂದು ಚಪ್ಪಾಳೆ ತಟ್ಟಲೂ ಆಗದೇ ಇವರಿಗೆ?

ಬಾಗಿಲ ಬಳಿ ಅವರು ಕೋಟಿನ ಜಿಪ್ ಹಾಕಲು ಹೆಣಗುತ್ತಿದ್ದರು. ನೇರ ಹೋಗಿ ಎದುರು ನಿಂತೆ. "ಯಾಕಪ್ಪ ತಟ್ಟಲಿಲ್ಲ? ಊರಿಗೆ ಊರೇ ತಟ್ಟಿತಲ್ಲ?"

ಅಪ್ಪ ಎರಡೂ ಕೈ ಮುಂದೆ ಚಾಚಿದರು. ಅಂಗೈ ತುಂಬ ಇಗರ್ಜಿ ಕುರ್ಚಿಯ ಹುಲ್ಲು ಹೆಣಿಗೆಯ ಅಚ್ಚು ಒತ್ತಿತ್ತು, ಕೆಂಪಗೆ, ಆಳವಾಗಿ. ಬೆರಳುಗಳು ಬಿಳುಚಿ ಅರ್ಧ ಮಡಚಿಕೊಂಡಿದ್ದವು.

"ಇದರ ಮೇಲೆ ಕೂತಿದ್ದೆ ಮಗಾ, ಶುರುವಿಂದ. ಹೊರಗೆ ಬಿಟ್ಟರೆ ನನ್ನ ಮಾತು ಕೇಳುದಿಲ್ಲ ಇದು. ಈಗ ಜೋಮು ಹಿಡಿದು ಬೆರಳು ಉಂಟೋ ಇಲ್ವೋ ಗೊತ್ತಾಗುದಿಲ್ಲ. ಚಪ್ಪಾಳೆ ಹೇಗೆ ತಟ್ಟುದು?"

ನನಗೆ ಅಳು ಬಂತು. ಜನರ ನಡುವೆಯೇ ಅತ್ತೆ. ಆ ಕೈಗಳನ್ನು ನನ್ನ ಕೈಯೊಳಗೆ ಹಿಡಿದು ತಿಕ್ಕತೊಡಗಿದೆ. ತಣ್ಣಗಿದ್ದವು.

"ಓಡಲಿಲ್ಲ ನೀನು," ಎಂದರು ಅಪ್ಪ. "ನಾನಾಗಿದ್ರೆ ಓಡ್ತಿದ್ದೆ."

ತಿಕ್ಕುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಅವರ ಕಿರುಬೆರಳು ನನ್ನ ಅಂಗೈಯೊಳಗೆ ಒಮ್ಮೆ ಅಲುಗಿತು. ಆಮೇಲೆ ಉಂಗುರಬೆರಳು.